ರೋಮಿನ ಹೊನ್ನಿನ ನಾಣ್ಯಗಳ ಮೇಲಣ ಸಂಕೇತಗಳು

ಮುದ್ರಣಯಂತ್ರವಾಗಲಿ ವೃತ್ತಪತ್ರಿಕೆಯಾಗಲಿ ಇಲ್ಲದಿದ್ದ ಕಾಲದಲ್ಲಿ ಆಳುವವನ ಮಾತನ್ನು ಜನರ ಅಂಗೈಗೆ ಮುಟ್ಟಿಸುತ್ತಿದ್ದ ಸಾಧನವೆಂದರೆ ನಾಣ್ಯ. ರೋಮನರ ‘ಔರಿಯಸ್’ ಎಂಬ ಚಿನ್ನದ ನಾಣ್ಯವು 25 ಬೆಳ್ಳಿಯ ನಾಣ್ಯಗಳಿಗೆ ಸಮನಾಗಿದ್ದಿತು. ಅದರ ಒಂದು ಮುಖದಲ್ಲಿ ಸಾಮಾನ್ಯವಾಗಿ ಪ್ರಭುವಿನ ಶಿರ. ಮತ್ತೊಂದರಲ್ಲಿ ಅವನು ಸಾರಬಯಸಿದ ಸಂದೇಶದ ಸಂಕೇತ.

ಜೀವಂತ ವ್ಯಕ್ತಿಯ ಮುಖವನ್ನು ನಾಣ್ಯಕ್ಕೇರಿಸುವುದು ರೋಮಿನ ಗಣರಾಜ್ಯದ ಸಂಪ್ರದಾಯವಾಗಿರಲಿಲ್ಲ. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನು ಬೆಳ್ಳಿಯ ನಾಣ್ಯಗಳ ಮೇಲೆ ತನ್ನ ಮುಖವನ್ನೇ ಅಚ್ಚೊತ್ತಿಸಿದನು. ಅದೇ ವರ್ಷದ ಮಾರ್ಚ್ 15ರಂದು ಅವನನ್ನು ಕೊಂದವರಲ್ಲಿ ಪ್ರಮುಖನಾದ ಬ್ರೂಟಸನು ಮುಂದೆ ತಾನೂ ಒಂದು ನಾಣ್ಯವನ್ನು ಹೊರಡಿಸಿದನು. ಅದರಲ್ಲಿ ಎರಡು ಕಠಾರಿಗಳು. ನಡುವೆ ಬಿಡುಗಡೆ ಹೊಂದಿದ ಗುಲಾಮನು ಧರಿಸುವ ಟೊಪ್ಪಿಗೆ. ಕೆಳಗೆ ಆ ದಿನದ ಹೆಸರು. ‘ನಾವು ರೋಮನ್ನು ದಾಸ್ಯದಿಂದ ಬಿಡಿಸಿದೆವು’ ಎಂಬುದೇ ಅದರ ತಾತ್ಪರ್ಯ. ಚಿನ್ನದಲ್ಲಿ ಇದರ ಕೆಲವೇ ಪ್ರತಿಗಳು ಉಳಿದಿವೆ. ಆದರೆ ನಾಣ್ಯವನ್ನು ಹೊರಳಿಸಿದರೆ ಅಲ್ಲಿ ಕಾಣುವುದು ಬ್ರೂಟಸನ ಮುಖವೇ! ಯಾವ ನಡೆಯು ಸೀಸರನಲ್ಲಿ ದೋಷವೆನಿಸಿತೋ ಅದನ್ನೇ ಅವನೂ ಅನುಸರಿಸಿದನು.

ಕ್ರಿ.ಪೂ. 27ರ ಒಂದು ನಾಣ್ಯದಲ್ಲಿ ಆಗಸ್ಟಸನು ಮೊಸಳೆಯನ್ನು ಚಿತ್ರಿಸಿ ಈಜಿಪ್ಟಿನ ವಿಜಯವನ್ನು ಸಾರಿದನು. ಇನ್ನೊಂದರಲ್ಲಿ, ಪ್ರಜೆಯ ಪ್ರಾಣವುಳಿಸಿದವನಿಗೆ ಸಲ್ಲುವ ಓಕ್ ಎಲೆಗಳ ಮಾಲೆಯನ್ನು ಹದ್ದಿನೊಡನೆ ಮೂಡಿಸಿದನು. ನೀರೋ ಚಕ್ರವರ್ತಿಯು ಮುಚ್ಚಿದ ಬಾಗಿಲಿನ ಜೇನಸ್ ದೇಗುಲವನ್ನು ಅಚ್ಚೊತ್ತಿಸಿ, ನೆಲಜಲಗಳಲ್ಲೆಲ್ಲ ಶಾಂತಿ ನೆಲೆಸಿತೆಂದು ಘೋಷಿಸಿದನು. ಕ್ರಿ.ಶ. 64ರ ಸುಮಾರಿಗೆ ನಾಣ್ಯದ ತೂಕವನ್ನು ರೋಮನ್ ಪೌಂಡಿನ 45ನೆಯ ಒಂದು ಭಾಗಕ್ಕೆ ಇಳಿಸಿದವನೂ ಅವನೇ. ಚಿತ್ರದ ವೈಭವ ತಗ್ಗಲಿಲ್ಲ, ತಗ್ಗಿದುದು ಚಿನ್ನ.

ನಾಲ್ಕನೆಯ ಶತಮಾನದ ಆದಿಯಲ್ಲಿ ಕಾನ್‌ಸ್ಟಂಟೈನನು ಸುಮಾರು 4.5 ಗ್ರಾಂ ತೂಕದ ‘ಸಾಲಿಡಸ್’ ನಾಣ್ಯವನ್ನು ತಂದನು. ಕ್ರೈಸ್ತಧರ್ಮವು ಪ್ರಬಲವಾದ ಮೇಲೂ ರೆಕ್ಕೆಯುಳ್ಳ ವಿಜಯದೇವಿಯು ಅದರಿಂದ ಒಮ್ಮೆಲೇ ಮರೆಯಾಗಲಿಲ್ಲ. ಎರಡನೆಯ ಥಿಯೊಡೋಸಿಯಸನ ಕಾಲದಲ್ಲಿ ಅವಳ ಕೈಗೆ ಶಿಲುಬೆ ಬಂದಿತು. ಒಂದನೆಯ ಜಸ್ಟಿನನ (518–527) ಕಾಲದಲ್ಲಿ ಅವಳ ಸ್ಥಾನಕ್ಕೆ ಪುರುಷರೂಪದ ದೇವದೂತನೇ ಬಂದನು. ರೆಕ್ಕೆಗಳು ಮಾತ್ರ ಉಳಿದುವು.

ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಇಂತಹ ಪೂರ್ವ ರೋಮನ್ ಹೊನ್ನಿನ ನಾಣ್ಯಗಳು ದೊರೆತಿರುವುದು ಕನ್ನಡಿಗರಿಗೆ ಗಮನಾರ್ಹ. ದಕ್ಷಿಣ ಭಾರತದಲ್ಲಿ ಸಿಕ್ಕ ಇಂತಹ ಹಲವು ನಾಣ್ಯಗಳಲ್ಲಿ ಪೋಣಿಸಿ ಧರಿಸಲು ಕೊರೆದ ರಂಧ್ರಗಳಿವೆ. ಚಕ್ರವರ್ತಿಯ ಹೆಸರನ್ನು ಓದಲಾರದವರಿಗೆ ಅದು ಆಭರಣವಾಗಿ ಒದಗಿತು. ಅಧಿಕಾರವು ಒತ್ತಿದ ಮುದ್ರೆಯ ಅರ್ಥ ಅದರ ಎಲ್ಲೆಯೊಳಗೇ ಉಳಿಯಿತು. ಎಲ್ಲೆ ದಾಟಿ ಬೆಲೆ ಪಡೆದುದು ಲೋಹದ ಸಾಚಾತನವೊಂದೇ.