ಶೀಕರಣಿಯ ಮಣೆ ಮೇಲೆ ಕಸ್ಟರ್ಡ್

ಬೆಳಗಾವಿ ಜಿಲ್ಲೆಯ ಅರಭಾವಿ, ಮೂಡಲಗಿ, ಘಟಪ್ರಭಾ ಕಡೆಯ ಕಲ್ಯಾಣ ಮಂಟಪಗಳಲ್ಲಿ ಬೇಸಿಗೆಯ ಮದುವೆ ಊಟ ಮುಗಿಯುವ ಹೊತ್ತಿಗೆ ಕೈಗೊಂದು ಸಣ್ಣ ಬಟ್ಟಲು ಬರುತ್ತದೆ. ತಿಳಿ ಹಳದಿ ಬಣ್ಣದ ತಂಪು ಹಾಲು, ಅದರೊಳಗೆ ಬಾಳೆಹಣ್ಣು, ಚಿಕ್ಕು, ಸೇಬು, ದ್ರಾಕ್ಷಿ, ಮೇಲೆ ನಾಲ್ಕು ದಾಳಿಂಬೆ ಕಾಳು. ಫ್ರೂಟ್ ಸಲಾಡ್ ಎಂದು ಅಡುಗೆಯವರ ಪಟ್ಟಿಯಲ್ಲಿ ಬರೆದಿರುತ್ತದೆ. ಅಜ್ಜಂದಿರು ಎರಡನೇ ಬಟ್ಟಲಿಗೆ ಕೈ ಚಾಚುತ್ತಾರೆ, ಮೊಮ್ಮಕ್ಕಳು ಮೂರನೆಯದಕ್ಕೆ.

ಇದೇ ಸೀಮೆಯ ಪಂಕ್ತಿಗಳಲ್ಲಿ ಹಿಂದೆ ಸಿಹಿ ಎಂದರೆ ಗೋಧಿ ಹುಗ್ಗಿ, ಸಜ್ಜಕ, ಬೂಂದಿ, ಮಾದಲಿ. ಎಲ್ಲವೂ ಬಿಸಿ ಒಲೆಯ ಪದಾರ್ಥಗಳು, ಇಲ್ಲವೇ ತುಪ್ಪ–ಬೆಲ್ಲದವು. ಮಠಗಳ ದಾಸೋಹದಲ್ಲಿ, ಜಾತ್ರೆಗಳಲ್ಲಿ ಹುಗ್ಗಿಯ ಜಾಗವನ್ನು ಇವತ್ತಿಗೂ ಯಾರೂ ಕಸಿದಿಲ್ಲ. ಮದುವೆಯಲ್ಲಿ ಮಾತ್ರ ತಣ್ಣನೆಯ ಹಣ್ಣು–ಹಾಲಿನ ಬಟ್ಟಲು ಸಲೀಸಾಗಿ ಒಳಗೆ ಬಂತು. ಪರದೇಶದ ತಿಂಡಿಯೊಂದು ಇಷ್ಟು ಸುಲಭವಾಗಿ ಒಗ್ಗಿಕೊಳ್ಳುವುದು ಅಪರೂಪ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಹಣ್ಣನ್ನು ಹಾಲಿನಲ್ಲಿ ಕಲಸಿ ಉಣ್ಣುವ ರುಚಿ ಇಲ್ಲಿಯವರ ನಾಲಿಗೆಗೆ ಮೊದಲೇ ಗೊತ್ತಿತ್ತು. ಅದು ಶೀಕರಣಿ.

ಶೀಕರಣಿ ಮಾಡಲು ಒಲೆ ಬೇಡ. ಜವಾರಿ ಮಾವಿನ ಹಣ್ಣನ್ನು ಕೈಯಲ್ಲಿ ಮೆತ್ತಗೆ ಹಿಸುಕಿ, ತೊಟ್ಟು ತೆಗೆದು ಮೊದಲ ಸೊನೆಯನ್ನು ಚೆಲ್ಲಿ, ರಸ ಹಿಂಡಬೇಕು. ಗೊರಟಕ್ಕೆ ಅಂಟಿದ್ದನ್ನು ಸ್ವಲ್ಪ ಹಾಲು ಹಾಕಿ ತೊಳೆದು ಅದನ್ನೂ ಸೇರಿಸಬೇಕು. ಕಾಯಿಸಿ ಆರಿಸಿದ ಹಾಲು, ಬೆಲ್ಲ ಅಥವಾ ಸಕ್ಕರೆ, ಯಾಲಕ್ಕಿ ಪುಡಿ. ಜೊತೆಗೆ ಚಪಾತಿಯೋ ಪೂರಿಯೋ ಹೋಳಿಗೆಯೋ. ಮಾವು ಇಲ್ಲದ ತಿಂಗಳಲ್ಲಿ ಬಾಳೆಹಣ್ಣು ಸೀಳಿ ಅದೇ ರೀತಿ ಮಾಡಿದರಾಯಿತು. ಹೇಳದೆ ಕೇಳದೆ ಬೀಗರು ಬಂದರೆ ಮನೆಯ ಮಾನ ಉಳಿಸುವುದು ಈ ಬಾಳೆಹಣ್ಣಿನ ಶೀಕರಣಿಯೇ.

ಇದರ ವಂಶಾವಳಿ ಉದ್ದವಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಊಟಕ್ಕೆ ಒಂದು ಭಾಗವೇ ಇದೆ. ಅಲ್ಲಿ ಶಿಖರಿಣಿ ಬರುತ್ತದೆ: ನೀರು ಬಸಿದ ಮೊಸರಿಗೆ ಸಕ್ಕರೆ ಬೆರೆಸಿದ ಸಿಹಿ. ಘಟಪ್ರಭೆಯ ಈ ದಂಡೆ ಆಗ ಚಾಲುಕ್ಯರ ಸಾಮಂತರಾದ ರಟ್ಟರ ಕೈಯಲ್ಲಿತ್ತು. ಗೋಕಾಕದ ಹತ್ತಿರದ ಕೊಣ್ಣೂರಿನಲ್ಲಿ ಅವರ ಕಾಲದ ಶಾಸನಗಳಿವೆ. ರಾಜನ ಗ್ರಂಥದಲ್ಲಿದ್ದದ್ದು ರೈತನ ತಾಟಿನಲ್ಲೂ ಇತ್ತು ಎಂದು ಹೇಳಲಾಗದು. ಆದರೆ ಆ ಸಿಹಿಯ ಸಂತಾನ ಎರಡು ಕವಲಾಗಿ ಬೆಳೆದದ್ದನ್ನು ಗಡಿಭಾಗದಲ್ಲಿ ಎದುರೆದುರೇ ನೋಡಬಹುದು. ಮೊಸರಿನ ಕವಲು ಶ್ರೀಖಂಡವಾಗಿ ಕೃಷ್ಣೆಯ ಆಚೆ ಹೆಸರು ಮಾಡಿತು. ಕೊಲ್ಹಾಪುರ ಜಿಲ್ಲೆಯ ವಾರಣಾ ಡೇರಿಯ ಶ್ರೀಖಂಡದ ಡಬ್ಬಿ ಬೆಳಗಾವಿ ಸೀಮೆಯ ಅಂಗಡಿಗಳಿಗೂ ಹೊಸದಲ್ಲ. ಹಣ್ಣು–ಹಾಲಿನ ಕವಲು ಶೀಕರಣಿಯಾಗಿ ಮನೆಯಲ್ಲೇ ಉಳಿಯಿತು, ಡಬ್ಬಿ ಸೇರಲಿಲ್ಲ.

ಕನ್ನಡದ್ದೇ ಪಾಕಶಾಸ್ತ್ರವೂ ಹಳೆಯದು. ಎರಡನೇ ಚಾವುಂಡರಾಯನ ‘ಲೋಕೋಪಕಾರ’ ಸುಮಾರು 1025ರದು, ಅದರಲ್ಲಿ ಅಡುಗೆಗೆ ಒಂದು ಅಧ್ಯಾಯ. ಮೂರನೇ ಮಂಗರಸನ ‘ಸೂಪಶಾಸ್ತ್ರ’ 16ನೇ ಶತಮಾನದ ಆರಂಭದ್ದು, ಇಡೀ ಗ್ರಂಥವೇ ಅಡುಗೆಯದು, ಅದೂ ಷಟ್ಪದಿಯಲ್ಲಿ.

ವೈದ್ಯರಿಗೆ ಮಾತ್ರ ಹಣ್ಣು–ಹಾಲಿನ ಈ ಜೋಡಿ ಒಪ್ಪಿಗೆಯಾಗಿರಲಿಲ್ಲ. ಹುಳಿ ಹಣ್ಣು ಮತ್ತು ಹಾಲು ಕೂಡಬಾರದೆಂದು ಚರಕ ಸಂಹಿತೆ ಹೇಳುತ್ತದೆ. ಅದರ ವಿರುದ್ಧಾಹಾರದ ಪಟ್ಟಿಯಲ್ಲಿ ಮಾವೂ ಇದೆ, ಬಾಳೆಯೂ ಇದೆ. 16ನೇ ಶತಮಾನದ ‘ಭಾವಪ್ರಕಾಶ’ ಹಾಲಿನೊಂದಿಗೆ ಉಣ್ಣುವ ಮಾಗಿದ ಮಾವನ್ನು ಹೊಗಳಿ ಒಂದು ಕಿಂಡಿ ತೆರೆಯಿತು. ಬಾಳೆಗೆ ಅಂಥ ಶಿಫಾರಸು ಸಿಕ್ಕಂತಿಲ್ಲ. ಆದರೂ ಪೂಜೆಯ ಪಂಚಾಮೃತದಲ್ಲಿ ಬಾಳೆಹಣ್ಣು ಹಾಲು–ಮೊಸರಿನ ನಡುವೆಯೇ ತೇಲುತ್ತದೆ, ಕರಾವಳಿಯಲ್ಲಿ ತೆಂಗಿನ ಹಾಲಿನ ಜೊತೆ ರಸಾಯನವಾಗುತ್ತದೆ. ದೇವರು ಸ್ವೀಕರಿಸಿದ್ದನ್ನು ವೈದ್ಯ ಬೇಡವೆಂದರೆ ಕೇಳುವವರು ಯಾರು?

ಶೀಕರಣಿಯ ನಿಜವಾದ ಹಬ್ಬ ಬೇಸಿಗೆಯ ಸೂಟಿ. ಶಾಲೆಗೆ ಬೀಗ ಬಿದ್ದ ಕೂಡಲೇ ಹೆಣ್ಣುಮಕ್ಕಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುವುದು, ಅಜ್ಜನ ಮನೆಯಲ್ಲಿ ಹತ್ತು ಹದಿನೈದು ಮೊಮ್ಮಕ್ಕಳು ಸಾಲಾಗಿ ಕೂರುವುದು. ಇದಕ್ಕಿಂತ ದೊಡ್ಡ ಕೂಟ ವರ್ಷದಲ್ಲಿ ಇನ್ನೊಂದಿರಲಿಲ್ಲ. ಅನೇಕ ಮನೆಗಳಲ್ಲಿ ಅಕ್ಷಯ ತದಿಗೆಯಂದು ಹಿರಿಯರ ಹೆಸರಿನಲ್ಲಿ ಮಾವು ಎಡೆ ಹಿಡಿದ ಮೇಲೆಯೇ ಮನೆಮಂದಿ ತಿನ್ನುವ ರೂಢಿ. ಅಲ್ಲಿಂದ ಕಾರ ಹುಣ್ಣಿಮೆಯವರೆಗೆ ಹಣ್ಣಿನ ಕಾಲ. ಕಾಯಿಗಳನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವುದು, ದಿನಕ್ಕೊಮ್ಮೆ ತಿರುವಿ ಹಾಕಿ ಕೊಳೆತದ್ದನ್ನು ತೆಗೆಯುವುದು ಅಜ್ಜಂದಿರ ಕೆಲಸ. ಮಕ್ಕಳ ಕಣ್ಣು ಆ ಕೋಣೆಯ ಮೇಲೆ. ಆಪೂಸಿನ ಮಾತೇ ಬೇರೆ. ಗೋವೆಯ ಪೋರ್ತುಗೀಜರ ಕಸಿ ಕಟ್ಟುವ ವಿದ್ಯೆಯಿಂದ ಬಂದ ಆ ಹಣ್ಣು ಕೊಂಕಣದಲ್ಲೂ ಧಾರವಾಡದಲ್ಲೂ ಬೇರೂರಿತು. ಅದನ್ನು ಹೋಳು ಮಾಡಿ ತಿನ್ನುವುದು ಚಂದ. ಶೀಕರಣಿಗೆ ಮಾತ್ರ ನಾರಿದ್ದರೂ ರಸ ಸುರಿಯುವ ಜವಾರಿ ಹಣ್ಣೇ ಸರಿ ಎಂಬುದು ಹಳಬರ ತೀರ್ಪು, ಅದು ಸುಳ್ಳಲ್ಲ.

ಬಟ್ಟಲಿನ ಉಳಿದ ಎರಡು ಸಾಮಾನುಗಳಾದ ಸಿಹಿ ಮತ್ತು ಹಾಲಿಗೆ ಇಲ್ಲಿ ನೀರೇ ಮೂಲ. ಘಟಪ್ರಭೆಯ ನೀರು 1887ರ ಹೊತ್ತಿಗೆ ಗೋಕಾಕ ಫಾಲ್ಸ್‌ನ ಗಿರಣಿಯಲ್ಲಿ ನೂಲು ತೆಗೆಯುತ್ತಿತ್ತು. ಧೂಪದಾಳದ ಒಡ್ಡಿನಿಂದ ಕಾಲುವೆಗೆ ತಿರುಗಿ ಹೊಲಗಳಿಗೂ ಹರಿಯಿತು. 1977ರಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಅಣೆಕಟ್ಟು ಮುಗಿದ ಮೇಲೆ ಜೋಳದ ಎಷ್ಟೋ ಹೊಲಗಳು ಕಬ್ಬಿಗೆ ಬಿದ್ದವು. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಗಳ ಚಿಮಣಿ ಕಾಣುವ ಊರಿನಲ್ಲಿ ಸಕ್ಕರೆ ಅಪರೂಪದ ವಸ್ತುವಾಗಿ ಉಳಿಯಲಿಲ್ಲ. ಶೀಕರಣಿಯ ಬೆಲ್ಲ ಮೆಲ್ಲನೆ ಹಿಂದೆ ಸರಿಯಿತು. ಕಬ್ಬಿನ ಸೋಗೆ ಎಮ್ಮೆಗೆ ಮೇವಾಯಿತು. ಬೆನ್ನಿನ ಮೇಲೆ ಬಾಗಿದ ಉದ್ದ ಕೋಡಿನ ಪಂಢರಪುರಿ ಎಮ್ಮೆ ಈ ಗಡಿ ಸೀಮೆಯ ಪರಿಚಿತ ತಳಿ. ಎಮ್ಮೆ ಹಾಲಿನಲ್ಲಿ ಜಿಡ್ಡು ಸಾಮಾನ್ಯವಾಗಿ ಶೇ 6ರ ಮೇಲೆ, ಆಕಳ ಹಾಲಿನಲ್ಲಿ ಶೇ 4ರ ಆಸುಪಾಸು. ಕೆನೆಯ ಡಬ್ಬಿ ಕೊಳ್ಳದೆಯೇ ಇಲ್ಲಿನ ಬಟ್ಟಲು ಗಟ್ಟಿಯಾಗುವ ಗುಟ್ಟು ಇದು.

ಹಾಲು ಮನೆಯಲ್ಲಿ ಧಾರಾಳವಾಗಿದ್ದರೂ ಅದರ ಬಹುಪಾಲು ಹೋಗುತ್ತಿದ್ದದ್ದು ಬೆಣ್ಣೆ–ತುಪ್ಪಕ್ಕೆ. ಐನೂರು ಜನರ ಮದುವೆಗೆ ಒಂದೇ ಬೆಳಿಗ್ಗೆ ಅಷ್ಟು ಹಸಿ ಹಾಲು ಕೂಡಿಸುವುದು ಕಷ್ಟವಾಗಿತ್ತು. 1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್ ಯೋಜನೆ, 1974ರ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ, ಅದು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾದದ್ದು, ಇವೆಲ್ಲ ಹಾಲನ್ನು ಅಳೆದು, ತಂಪು ಮಾಡಿ, ಪಾಕೀಟಿನಲ್ಲಿ ಕೊಡುವ ವ್ಯವಸ್ಥೆ ಕಟ್ಟಿದವು. ಅಡುಗೆ ಗುತ್ತಿಗೆದಾರ ಫೋನಿನಲ್ಲಿ ನೂರು ಲೀಟರ್ ಹೇಳಿ ನಿಶ್ಚಿಂತನಾಗುವ ಕಾಲ ಹೀಗೆ ಬಂತು. ಇದೇ ಅರಭಾವಿ ಕ್ಷೇತ್ರದ ಶಾಸಕ ಬಾಲಚಂದ್ರ ಜಾರಕಿಹೊಳಿ 2019ರಲ್ಲಿ ಆ ಮಹಾಮಂಡಳದ ಅಧ್ಯಕ್ಷರಾದರು.

ಇನ್ನು ಬಟ್ಟಲಿನ ಹಾಲಿಗೆ ಹಳದಿ ಬಣ್ಣ, ಗಟ್ಟಿತನ ಕೊಡುವ ಕಸ್ಟರ್ಡ್. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್‌ಗೆ ಒಂದು ಮನೆ ಸಮಸ್ಯೆ ಇತ್ತು: ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಅಲ್ಲಿಯ ಕಸ್ಟರ್ಡ್ ಮೊಟ್ಟೆಯಿಲ್ಲದೆ ಆಗುವಂಥದ್ದಲ್ಲ. ಆತ ಮೆಕ್ಕೆಜೋಳದ ಪಿಷ್ಟದಿಂದ ಹಾಲು ಗಟ್ಟಿಯಾಗಿಸುವ ಪುಡಿ ಮಾಡಿದ. ಆ ಹೆಣ್ಣುಮಗಳ ಪಥ್ಯ ನೂರು ವರ್ಷಗಳ ಮೇಲೆ ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳ ಅಡುಗೆಗೆ ಬಾಗಿಲು ತೆರೆಯಿತು. ಮೊಟ್ಟೆ ಇದ್ದಿದ್ದರೆ ಈ ಪದಾರ್ಥ ಬೆಳಗಾವಿಯ ದಂಡು ಪ್ರದೇಶದ ಬಂಗಲೆಗಳನ್ನು ದಾಟಿ ಮದುವೆ ಪಂಕ್ತಿಗೆ ಬರುತ್ತಲೇ ಇರಲಿಲ್ಲ.

ಪುಣೆಯಲ್ಲಿ ವೀಕ್‌ಫೀಲ್ಡ್ ಕಂಪನಿ ಶುರುವಾದದ್ದು 1956ರಲ್ಲಿ. ಅದರ ಕಸ್ಟರ್ಡ್ ಪುಡಿ ದೇಶದ ತುಂಬ ಕಿರಾಣಿ ಅಂಗಡಿ ಸೇರಿತು. ಅದೇ ವರ್ಷ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಕಚೇರಿಯ ಕಾಗದಗಳು ಬೆಂಗಳೂರಿನ ದಾರಿ ಹಿಡಿದವು. ರುಚಿಗೆ ಮಾತ್ರ ಪುಣೆ–ಕೊಲ್ಹಾಪುರದ ನಂಟು ಬಿಡಲಿಲ್ಲ. ಆ ಊರುಗಳಿಗೆ ಹೋಗುವ ಹೆದ್ದಾರಿ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಮೇಲೆಯೇ ಹಾಯುತ್ತದೆ. ಉಳಿದದ್ದು ತಂಪು. ಗೋದ್ರೆಜ್ 1958ರಲ್ಲಿ ಭಾರತದಲ್ಲೇ ಫ್ರಿಜ್ ತಯಾರಿಸತೊಡಗಿದರೂ ಹಳ್ಳಿ ಮನೆಗೆ ಅದು ಬರಲು ದಶಕಗಳು ಬೇಕಾದವು. ಪಾತೇಲಿಯನ್ನು ನೀರಿನ ಪರಾತದಲ್ಲಿಟ್ಟು ಒದ್ದೆ ಬಟ್ಟೆ ಸುತ್ತುವುದೇ ಅಲ್ಲಿಯವರೆಗಿನ ತಂಪು.

ಬಟ್ಟಲಿನ ಹಣ್ಣುಗಳ ಕುಲಗೋತ್ರ ಕೇಳಿದರೆ ಸ್ವಾರಸ್ಯವಿದೆ. ಮಾವು, ಬಾಳೆ ನಮ್ಮವು. ದ್ರಾಕ್ಷಿ, ದಾಳಿಂಬೆ ಪಶ್ಚಿಮ ಏಷ್ಯಾದ ಕಡೆಯಿಂದ ಬಹು ಹಿಂದೆಯೇ ಬಂದು ನೆಲೆಸಿದವು. ರಾಜ್ಯದ ದ್ರಾಕ್ಷಿಗೆ ಇವತ್ತು ವಿಜಯಪುರವೇ ತವರು. ಅನಾನಸ್, ಪಪ್ಪಾಯಿ, ಪೇರಲ, ಚಿಕ್ಕು ಅಮೆರಿಕ ಖಂಡದವು. ಮಹಾರಾಷ್ಟ್ರದ ಘೋಲ್ವಡದಲ್ಲಿ 1898ರಲ್ಲಿ ಚಿಕ್ಕು ತೋಟ ಎದ್ದಿತು. ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕನ್ 1916ರಲ್ಲಿ ಶಿಮ್ಲಾ ಬಳಿಯ ಕೋಟಗಢದಲ್ಲಿ ಡಿಲಿಷಿಯಸ್ ಸೇಬು ನೆಟ್ಟ. ಅಂದರೆ ಈ ಮಿಶ್ರಣ 19ನೇ ಶತಮಾನದಲ್ಲಿ ಗೋಕಾಕದಲ್ಲಿ ಸಾಧ್ಯವೇ ಇರಲಿಲ್ಲ.

ಅರಭಾವಿಗೆ ಈ ಕಥೆಯಲ್ಲಿ ತನ್ನದೇ ಜಾಗವಿದೆ. ಇಲ್ಲಿನ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ಮೊದಲು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು. 2008ರಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದಕ್ಕೆ ಸೇರಿತು. ಧಾರವಾಡದ ವಿಜ್ಞಾನಿಗಳು ಕಾಲಿಪತ್ತಿ ಮತ್ತು ಕ್ರಿಕೆಟ್ ಬಾಲ್ ತಳಿಗಳನ್ನು ಕೂಡಿಸಿ ಡಿಎಚ್‌ಎಸ್-1, ಡಿಎಚ್‌ಎಸ್-2 ಎಂಬ ಚಿಕ್ಕು ತಳಿಗಳನ್ನು ಕೊಟ್ಟರು. ಕಬ್ಬಿನ ಸೀಮೆಯ ನಡುವೆ ಹಣ್ಣಿನ ಪಾಠ ಹೇಳುವ ಕಾಲೇಜು ಇರುವುದು ಸಣ್ಣ ಸಂಗತಿಯಲ್ಲ.

ಪಾಠ ಓದದ ಅಡುಗೆಯವರೂ ಹಣ್ಣಿನ ಸ್ವಭಾವ ಚೆನ್ನಾಗಿ ಬಲ್ಲರು. ಹಸಿ ಅನಾನಸ್ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ, ಹೊತ್ತಾದರೆ ಕಹಿಯಾಗುತ್ತದೆ. ಅದರಲ್ಲಿರುವ ಬ್ರೋಮಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ, ಪಪ್ಪಾಯಿಯ ಪಪೇನ್ ಸಹ ಅಂಥದ್ದೇ. ಸಕ್ಕರೆ ನೀರಿನಲ್ಲಿ ಬೇಯಿಸಿದ ಅನಾನಸ್ ಆದರೆ ಅಡ್ಡಿಯಿಲ್ಲ, ಬಿಸಿಗೆ ಕಿಣ್ವ ಸಾಯುತ್ತದೆ. ಸೇಬು, ಬಾಳೆ ಗಾಳಿಗೆ ಕಪ್ಪಾಗುವುದರಿಂದ ಕೊನೆಗೆ ಹೆಚ್ಚಿ ಹಾಕುತ್ತಾರೆ. ಕಸ್ಟರ್ಡ್ ಪುಡಿಯನ್ನು ಮೊದಲು ತಣ್ಣನೆಯ ಹಾಲಿನಲ್ಲೇ ಕದಡಬೇಕು. ಬಿಸಿ ಹಾಲಿಗೆ ನೇರ ಸುರಿದವನ ಪಾತೇಲಿ ತುಂಬ ಗಂಟು.

ಕೆನೆ ಬೆರೆತ ಹಣ್ಣಿನ ಮೋಹ ಈ ಸೀಮೆಗೆ ಮಾತ್ರ ಸೇರಿದ್ದಲ್ಲ. ಅಮೆರಿಕದಲ್ಲಿ ಹಬ್ಬದ ಕೂಟಕ್ಕೆ ಕಿತ್ತಳೆ–ತೆಂಗಿನ ತುರಿಯ ಆಂಬ್ರೋಸಿಯಾ ಎಂಬ ಬಟ್ಟಲು 19ನೇ ಶತಮಾನದಿಂದಲೂ ಇದೆ. 1966ರಲ್ಲಿ ಕೂಲ್ ವಿಪ್ ಎಂಬ ಸಿದ್ಧ ನೊರೆ ಮಾರುಕಟ್ಟೆಗೆ ಬಂದ ಮೇಲೆ ಅದು ಇನ್ನೂ ಸುಲಭವಾಯಿತು. ಅಲ್ಲಿಗೆ ಹೋದ ನಮ್ಮವರಿಗೆ ಬೇರೆಯೇ ಕೊರತೆ ಇತ್ತು. ಭಾರತದ ಮಾವಿನ ಹಣ್ಣಿಗೆ ಅಮೆರಿಕ ಮತ್ತೆ ಬಾಗಿಲು ತೆರೆದದ್ದು 2007ರಲ್ಲಿ. ಅಲ್ಲಿಯವರೆಗೆ ಊರಿನ ಮಾವು ಎಂದರೆ ಡಬ್ಬಿಯ ರಸ. ಕನ್ನಡ ಕೂಟದ ಯುಗಾದಿಗೆ ಆ ಡಬ್ಬಿ ಒಡೆದು ಹಾಲು, ನೊರೆ ಕೆನೆ ಬೆರೆಸಿ ದ್ರಾಕ್ಷಿ, ಸೇಬು ಹಾಕಿದರೆ ಶೀಕರಣಿಯೂ ಫ್ರೂಟ್ ಸಲಾಡೂ ಒಂದೇ ಪಾತ್ರೆಯಲ್ಲಿ.

ಫ್ರೂಟ್ ಸಲಾಡ್ ಗೆದ್ದದ್ದಕ್ಕೆ ಕಾರಣ ರುಚಿಗಿಂತ ಅನುಕೂಲ. ಮಾವಿಗೆ ಎರಡು ತಿಂಗಳ ಋತು, ಬಾಳೆ–ಸೇಬಿಗೆ ಹನ್ನೆರಡು ತಿಂಗಳು. ನೂರಾರು ಹಣ್ಣು ಕೈಯಲ್ಲಿ ಹಿಂಡಿ ಗೊರಟ ತೊಳೆಯಲು ಮನೆ ತುಂಬ ಹೆಣ್ಣುಮಕ್ಕಳು ಬೇಕು. ಪುಡಿ ಕದಡಲು ಒಬ್ಬ ಸಾಕು. ಕೂಲಿ ಲೆಕ್ಕ ಹಾಕುವ ಗುತ್ತಿಗೆದಾರನನ್ನು ದೂರುವಂತಿಲ್ಲ. ಆದರೆ ಮೇ ತಿಂಗಳಲ್ಲೂ, ಸಂತೆಯಲ್ಲಿ ಜವಾರಿ ಮಾವು ಬುಟ್ಟಿಗಟ್ಟಲೆ ಬಿದ್ದಿರುವಾಗಲೂ, ಮೇಣ ಬಳಿದ ಸೇಬು ಹೆಚ್ಚಿ ಹಾಕುವುದು ಬರೀ ಸೋಮಾರಿತನ. ಬೇಸಿಗೆಯಲ್ಲಿ ಮದುವೆ ಇಟ್ಟುಕೊಂಡವರು ಈ ವರ್ಷ ಅಡುಗೆಯವರ ಪಟ್ಟಿಯಲ್ಲಿ ಒಂದು ಸಾಲು ಹೊಡೆದು ಶೀಕರಣಿ ಎಂದು ಬರೆಸಲಿ, ಜೊತೆಗೆ ಹೋಳಿಗೆಯನ್ನೂ ಹೇಳಲಿ.