ಕ್ಲೈನ್‌ರಾಕ್, ಲಿಯೊನಾರ್ಡ್

ಅಮೆರಿಕದ ಗಣಕವಿಜ್ಞಾನಿ, ಗಣಕಜಾಲಗಳ ಗಣಿತಕ್ಕೆ ಅಸ್ತಿಭಾರ ಹಾಕಿದವರಲ್ಲಿ ಅಗ್ರಗಣ್ಯರು. 1934ರ ಜೂನ್ 13ರಂದು ನ್ಯೂಯಾರ್ಕಿನಲ್ಲಿ ಜನಿಸಿದ ಇವರು, ಹಗಲು ದುಡಿದು ಸಂಜೆ ಸಿಟಿ ಕಾಲೇಜಿನಲ್ಲಿ ವ್ಯಾಸಂಗಮಾಡಿ 1957ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿಯನ್ನು ಪಡೆದು, ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯನ್ನು ಸೇರಿದರು. ಅಲ್ಲಿ ಇವರು ಡಾಕ್ಟರೇಟಿಗಾಗಿ ಎತ್ತಿಕೊಂಡ ಪ್ರಶ್ನೆ, ಜಾಲದ ಒಂದೊಂದು ಕೂಡುನೆಲೆಯಲ್ಲಿಯೂ ಸಂದೇಶವು ಎಷ್ಟು ಹೊತ್ತು ಕಾಯಬೇಕಾಗುವುದೆಂಬುದು. ಟಿಕೆಟ್ಟಿನ ಕಿಂಡಿಯ ಮುಂದಣ ಸರತಿಗೆ ಸಲ್ಲುವ ಗಣಿತವೇ ಇಲ್ಲಿಯೂ ಸಲ್ಲಬೇಕಾಗಿದ್ದರೂ, ಸಂದೇಶದ ಉದ್ದ ದಾರಿಯುದ್ದಕ್ಕೂ ಒಂದೇ ಆಗಿರುವುದರಿಂದ ಒಂದು ನೆಲೆಯ ಸರತಿ ಮುಂದಿನದರೊಡನೆ ಹೆಣೆದುಕೊಂಡು ಲೆಕ್ಕವೇ ಕೈಮೀರುತ್ತಿತ್ತು. ಪ್ರತಿ ನೆಲೆಯಲ್ಲಿಯೂ ಆ ಉದ್ದ ಹೊಸದಾಗಿ, ಯಾದೃಚ್ಛಿಕವಾಗಿ ನಿರ್ಧಾರವಾಗುವುದೆಂದು ಭಾವಿಸಿಕೊಂಡು ಇವರು ಆ ತೊಡಕನ್ನು ಬಿಡಿಸಿದರು. ವಾಸ್ತವಕ್ಕೆ ಹೊಂದದ ಕಲ್ಪನೆಯಾದರೂ ಅದರಿಂದ ಬಂದ ಉತ್ತರ, ಗಣಕಯಂತ್ರದ ಮೇಲೆ ನಡೆಸಿದ ಅನುಕರಣ ಪ್ರಯೋಗಗಳಿಗೆ ಹೊಂದಿತು. ಇವರ ಧೈರ್ಯವೂ ಪ್ರತಿಭೆಯೂ ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣವು. ಈ ಪ್ರಬಂಧ 1964ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು.

1963ರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಇಂದಿನ ಅಂತರಜಾಲದ ಪೂರ್ವರೂಪವಾದ ಅರ್ಪಾನೆಟ್ ಜಾಲದ ಮಾಪನಕೇಂದ್ರವು ಇವರ ವಶಕ್ಕೆ ಬಂದುದರಿಂದ, ಕಾಗದದ ಮೇಲಿನ ಸೂತ್ರಗಳನ್ನು ನಿಜವಾದ ಜಾಲದ ಮೇಲೆ ಒರೆಹಚ್ಚಿ ನೋಡುವ, ಸಿದ್ಧಾಂತಿಗಳಿಗೆ ದುರ್ಲಭವಾದ ಅವಕಾಶ ದೊರಕಿತು. 1969ರ ಅಕ್ಟೋಬರ್ 29ರ ರಾತ್ರಿ ಹತ್ತೂವರೆಗೆ ಇವರ ವಿದ್ಯಾರ್ಥಿ ಚಾರ್ಲಿ ಕ್ಲೈನ್, ಆ ಜಾಲದ ಮೊದಲ ಸಂದೇಶವಾಗಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಯಂತ್ರಕ್ಕೆ ‘ಲಾಗಿನ್’ ಎಂಬ ಪದವನ್ನು ಕಳುಹಿಸತೊಡಗಲು, ಮೊದಲ ಎರಡು ಅಕ್ಷರಗಳು ಮುಟ್ಟುವಷ್ಟರಲ್ಲಿ ಆ ಯಂತ್ರ ಕುಸಿಯಿತು; ಸುಮಾರು ಒಂದು ಗಂಟೆಯ ಅನಂತರ ಸಂಪರ್ಕ ಕೂಡಿಬಂದಿತು. ಮುಂದೆ ಅಂತರಜಾಲದ ನಿಯಮಗಳನ್ನು ರೂಪಿಸಿದ ವಿಂಟನ್ ಸರ್ಫ್, ಸ್ಟೀವ್ ಕ್ರಾಕರ್, ಜಾನ್ ಪೋಸ್ಟೆಲ್ ಮೊದಲಾದವರು ಆಗ ಇವರ ಪ್ರಯೋಗಶಾಲೆಯ ತರುಣರು.

ಸಂದೇಶವನ್ನು ತುಣುಕುಗಳಾಗಿ ವಿಭಜಿಸಿ ಸಾಗಿಸುವ ಪೊಟ್ಟಣಪದ್ಧತಿಯ ಜನಕರು ಇವರೇ ಎಂಬ ವಾದವನ್ನು ಇತಿಹಾಸಕಾರರಲ್ಲಿ ಹಲವರು ಒಪ್ಪುವುದಿಲ್ಲ. ಆ ಗೌರವ ಪಾಲ್ ಬ್ಯಾರನ್ ಮತ್ತು ಡೊನಾಲ್ಡ್ ಡೇವೀಸರಿಗೆ ಸಲ್ಲುವುದೇ ನ್ಯಾಯ. ಸರತಿಯ ಗಣಿತವನ್ನು ಜಾಲಕ್ಕೆ ಅಳವಡಿಸಿದ ಕೀರ್ತಿಯೊಂದೇ ಇವರಿಗೆ ಸಾಕು. 1975 ಮತ್ತು 1976ರಲ್ಲಿ ಹೊರಬಂದ ‘ಕ್ಯೂಯಿಂಗ್ ಸಿಸ್ಟಮ್ಸ್’ ಗ್ರಂಥದ ಎರಡು ಸಂಪುಟಗಳು ಈ ವಿಷಯವನ್ನು ವಿದ್ಯಾರ್ಥಿಗಳಿಗೆ ನಿಲುಕುವಂತೆ ಮಾಡಿದುವು. 1991ರಿಂದ 1995ರವರೆಗೆ ತಮ್ಮ ವಿಶ್ವವಿದ್ಯಾನಿಲಯದ ಗಣಕವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಇವರಿಗೆ 2007ನೆಯ ಸಾಲಿನ ರಾಷ್ಟ್ರೀಯ ವಿಜ್ಞಾನ ಪದಕ ಸಂದಿತು.

ಜಾಲವು ಸಾಗಿಸುವ ಮೊತ್ತವನ್ನು ವಿಳಂಬದಿಂದ ಭಾಗಿಸಿ ಅದರ ‘ಸಾಮರ್ಥ್ಯ’ವನ್ನು ಅಳೆದ ಇವರು, ಆ ಬೆಲೆ ಪರಮಾವಧಿಯನ್ನು ಮುಟ್ಟುವುದು ಸರತಿ ಬೆಳೆಯದೆ ದಾರಿ ಮಾತ್ರ ತುಂಬಿರುವ ಸ್ಥಿತಿಯಲ್ಲೆಂದು 1970ರ ದಶಕದ ಕೊನೆಯಲ್ಲಿಯೇ ತೋರಿಸಿದ್ದರು; 2016ರಲ್ಲಿ ಗೂಗಲ್ ಸಂಸ್ಥೆಯ ಎಂಜಿನಿಯರುಗಳು ಪ್ರಕಟಿಸಿದ ಬಿಬಿಆರ್ ಎಂಬ ದಟ್ಟಣೆ ನಿಯಂತ್ರಣ ವಿಧಾನ ಗುರಿಯಿಟ್ಟದ್ದು ಈ ಸ್ಥಿತಿಯನ್ನೇ.