ಕೊಟ್ಟ ಹಣ, ಕೇಳದೆ ಬಿಟ್ಟ ತೆರಿಗೆ: ಹಜ್ಜ್ ಸಬ್ಸಿಡಿಯ ಇತಿಹಾಸ ಕಲಿಸುವ ಪಾಠ

ಹಜ್ಜ್ ಯಾತ್ರೆಗೆ ಹೊರಡುವ ಹಿರಿಯರನ್ನು ಬೀಳ್ಕೊಡುವ ದಿನಗಳನ್ನು ನಾವೆಲ್ಲ ಕಂಡಿದ್ದೇವೆ. ಇಪ್ಪತ್ತು ವರ್ಷ ಕೂಡಿಟ್ಟ ಹಣ, ಮಕ್ಕಳ ಮದುವೆ ಮುಗಿದ ನೆಮ್ಮದಿ, ನೆರೆಹೊರೆಯವರಲ್ಲಿ ಬೇಡಿಕೊಂಡ ಕ್ಷಮೆ ಇವೆಲ್ಲವನ್ನೂ ಹೊತ್ತು ಅವರು ಮನೆಯ ಹೊಸ್ತಿಲು ದಾಟುತ್ತಾರೆ. ಇಂತಹ ಸಂದರ್ಭದಲ್ಲಿಯೇ ದಶಕಗಳ ಕಾಲ ಒಂದು ಮಾತು ನಮ್ಮ ಕಿವಿಗೆ ಬೀಳುತ್ತಿತ್ತು: "ನಿಮಗೇನು, ಸರಕಾರದ ಹಣದಲ್ಲಿ ಹೋಗುತ್ತೀರಿ." 2018ರಲ್ಲಿ ಹಜ್ಜ್ ಸಬ್ಸಿಡಿ ನಿಂತುಹೋಯಿತು. ಆದರೆ ಆ ಮಾತು ಇನ್ನೂ ನಿಂತಿಲ್ಲ.

ಈ ಮಾತಿಗೆ ನಮ್ಮವರು ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತಾರೆ. "ನಮಗೆ ಸರಕಾರ ಏನನ್ನೂ ಕೊಟ್ಟಿಲ್ಲ" ಎಂಬುದು ಒಂದು. "ಇತರರಿಗೂ ಕೊಡುತ್ತಿದೆಯಲ್ಲ" ಎಂಬುದು ಇನ್ನೊಂದು. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ, ಎರಡೂ ಪೂರ್ಣ ಸತ್ಯವಲ್ಲ. ಉತ್ತರಿಸುವ ಮೊದಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಸರಕಾರದ ನೆರವು ಎಂದರೆ ಯಾವುದು? ಬೊಕ್ಕಸದಿಂದ ಎಣಿಸಿ ಕೊಟ್ಟ ಹಣ ಮಾತ್ರವೇ? ಅಥವಾ ಬೊಕ್ಕಸಕ್ಕೆ ಬರಬೇಕಾಗಿದ್ದು, ಸರಕಾರವು ಕೇಳದೆ ಬಿಟ್ಟ ತೆರಿಗೆಯೂ ನೆರವೇ?

ಇಸ್ಲಾಮೀ ಇತಿಹಾಸದ ಒಂದು ಪ್ರಸಂಗದಲ್ಲಿ ಈ ಎರಡೂ ಬಗೆಯ ನೆರವು ಒಬ್ಬನೇ ವ್ಯಕ್ತಿಗೆ ದೊರೆತುದನ್ನು ಕಾಣಬಹುದು. ಖಲೀಫ ಹಾರೂನ್ ರಶೀದರಿಗಾಗಿ ಇಮಾಮ್ ಅಬೂಯೂಸುಫ್(ರ) ರಾಜ್ಯದ ಆದಾಯದ ಕುರಿತು 'ಕಿತಾಬುಲ್ ಖರಾಜ್' ಎಂಬ ಗ್ರಂಥವನ್ನು ರಚಿಸಿದರು. ಅದರಲ್ಲಿ ಅವರು ಉದ್ಧರಿಸುವ ವರದಿಯಂತೆ, ಹಝ್ರತ್ ಉಮರ್(ರ)ರವರು ಭಿಕ್ಷೆ ಬೇಡುತ್ತಿದ್ದ ವೃದ್ಧ ಯಹೂದಿಯೊಬ್ಬನನ್ನು ಕಂಡರು. ಜಿಝ್‌ಯಾ ತೆರಿಗೆ, ಬಡತನ ಮತ್ತು ವೃದ್ಧಾಪ್ಯ ಅವನನ್ನು ಬೀದಿಗೆ ತಂದಿದ್ದವು. ಖಲೀಫರು ಅವನನ್ನು ಮನೆಗೆ ಕರೆದೊಯ್ದು ಕೈಲಾದುದನ್ನು ಕೊಟ್ಟರು. ಬಳಿಕ ಬೈತುಲ್‌ಮಾಲ್‌ನ ಅಧಿಕಾರಿಗೆ ಹೇಳಿಕಳುಹಿಸಿ ಅವನಿಗೂ ಅವನಂತಹವರಿಗೂ ಸಾರ್ವಜನಿಕ ನಿಧಿಯಿಂದ ನೆರವು ದೊರೆಯುವಂತೆ ಮಾಡಿದರು, ಜಿಝ್‌ಯಾದಿಂದಲೂ ಮುಕ್ತಗೊಳಿಸಿದರು. ಖಜಾನೆಯಿಂದ ಹೊರಗೆ ಹೋದ ದಿರ್ಹಮ್ ಮತ್ತು ಖಜಾನೆಯೊಳಗೆ ಬಾರದೆ ಉಳಿದ ದಿರ್ಹಮ್ ಆ ವೃದ್ಧನ ಪಾಲಿಗೆ ಒಂದೇ ಕೆಲಸ ಮಾಡಿದವು.

ಭಾರತದ ಇತಿಹಾಸವೂ ಇದನ್ನೇ ಹೇಳುತ್ತದೆ. ಮೊಗಲರ ಕಾಲದಲ್ಲಿ ವಿದ್ವಾಂಸರಿಗೂ ಧರ್ಮಸಂಸ್ಥೆಗಳಿಗೂ ಕಂದಾಯವಿಲ್ಲದ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯಿತ್ತು. ಅದರ ಹೆಸರೇ 'ಮದದೆ ಮಆಶ್', ಅಂದರೆ ಜೀವನೋಪಾಯಕ್ಕೆ ನೆರವು. ಕಾಶಿಯ ವೀರಶೈವ ಪೀಠವಾದ ಜಂಗಮವಾಡಿ ಮಠಕ್ಕೆ ಅಕ್ಬರನಿಂದ ಔರಂಗಝೇಬನವರೆಗೆ ಮೊಗಲ್ ಬಾದಶಾಹರು ನೀಡಿದ ಫರ್ಮಾನುಗಳಿವೆ.

ನಮ್ಮ ಕನ್ನಡ ನಾಡಿನ ಶಾಸನಗಳನ್ನು ನೋಡಿರಿ. ಅಗ್ರಹಾರ, ಬಸದಿ, ದೇವಾಲಯಗಳಿಗೆ ಕೊಟ್ಟ ದತ್ತಿಗಳಲ್ಲಿ 'ಸರ್ವಬಾಧಾ ಪರಿಹಾರ', 'ಸರ್ವಮಾನ್ಯ' ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಎಷ್ಟೋ ದತ್ತಿಗಳಲ್ಲಿ ಅರಸನು ಹಣವನ್ನು ಎಣಿಸಿ ಕೊಟ್ಟಿರುವುದಿಲ್ಲ, ಆ ಭೂಮಿಯಿಂದ ತನಗೆ ಬರಬೇಕಾದ ತೆರಿಗೆಯ ಹಕ್ಕನ್ನಷ್ಟೇ ಬಿಟ್ಟುಕೊಟ್ಟಿರುತ್ತಾನೆ. ಆದರೂ ಕಲ್ಲಿನ ಮೇಲೆ ಅದನ್ನು ದಾನವೆಂದೇ ಕೆತ್ತಿಸಲಾಯಿತು. ಮುಂದೆ ಮೈಸೂರು ಸಂಸ್ಥಾನದಲ್ಲಿ ಮಠ, ಮಸೀದಿ, ದರ್ಗಾಗಳಿಗೆ ಸೇರಿದ ಇಂತಹ ಜಮೀನುಗಳು 'ಇನಾಂ' ಎನಿಸಿಕೊಂಡವು. ಇನಾಂ ಎಂಬುದು ಅರಬಿ ಮೂಲದ ಪದ, ಕೊಡುಗೆ ಎಂದು ಅದರ ಅರ್ಥ. ತೆರಿಗೆ ಬಿಡುವುದೂ ಕೊಡುವುದೇ ಎಂಬುದರಲ್ಲಿ ನಮ್ಮ ಪೂರ್ವಿಕರಿಗೆ ಸಂಶಯವಿರಲಿಲ್ಲ.

ನೇರವಾಗಿ ಹಣ ಕೊಟ್ಟ ಉದಾಹರಣೆಗಳೂ ಇವೆ. 1791ರಲ್ಲಿ ಮರಾಠಾ ಸೈನ್ಯದ ಒಂದು ತಂಡವು ಶೃಂಗೇರಿಯನ್ನು ಲೂಟಿ ಮಾಡಿದಾಗ, ಶಾರದೆಯ ಮರುಪ್ರತಿಷ್ಠೆಗಾಗಿ ಟಿಪ್ಪು ಸುಲ್ತಾನರು ಹಣ ಮತ್ತು ಧಾನ್ಯವನ್ನು ಕೊಡಿಸಿದರು. ಮೈಸೂರಿನ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಆ ಪತ್ರಗಳನ್ನು ಮಠದಲ್ಲಿ ಕಂಡು ಬೆಳಕಿಗೆ ತಂದರು.

ಸ್ವಾತಂತ್ರ್ಯಾನಂತರ ಒಂದು ಮಹತ್ತ್ವದ ಬದಲಾವಣೆಯಾಯಿತು. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದಿಯಾತಿ ಕಾಯ್ದೆಯು ಧರ್ಮಸಂಸ್ಥೆಗಳ ಇನಾಂ ಜಮೀನುಗಳನ್ನು ಸರಕಾರದ ವಶಕ್ಕೆ ತಂದಿತು. ಬದಲಿಗೆ ಆ ಸಂಸ್ಥೆಗಳಿಗೆ ವರ್ಷಕ್ಕಿಷ್ಟು ಎಂದು 'ತಸ್ತೀಕ್' ಹಣ ಗೊತ್ತಾಯಿತು. ಕಣ್ಣಿಗೆ ಕಾಣದ ಕಂದಾಯ ವಿನಾಯಿತಿಯು ಕಣ್ಣಿಗೆ ಕಾಣುವ ನಗದು ನೆರವಾಗಿ ರೂಪ ಬದಲಿಸಿತು. ನೆರವಿನ ಮೂಲ ಮತ್ತು ಉದ್ದೇಶ ಒಂದೇ ಆಗಿದ್ದರೂ ಅನುಭವ ಬೇರೆಯಾಯಿತು. ಹೊಲದ ಬೆಳೆಯಿಂದ ದೀಪ ಬೆಳಗಿಸುತ್ತಿದ್ದ ಅರ್ಚಕನೂ ಮುತವಲ್ಲಿಯೂ ತಾಲೂಕು ಕಚೇರಿಯ ಬಾಗಿಲಿಗೆ ಹೋಗಬೇಕಾಯಿತು. ಲೆಕ್ಕದ ಪುಸ್ತಕದಲ್ಲಿ ಕಂಡುದು ವಾದಕ್ಕೂ ವಸ್ತುವಾಯಿತು. 2021ರಲ್ಲಿ ಮುಜರಾಯಿ ಇಲಾಖೆಯ ಮೂಲಕ ಹಿಂದೂಯೇತರ ಸಂಸ್ಥೆಗಳಿಗೆ ಹೋಗುತ್ತಿದ್ದ ತಸ್ತೀಕ್ ವಿವಾದಕ್ಕೆ ಸಿಲುಕಿ ತಡೆಹಿಡಿಯಲ್ಪಟ್ಟುದು ನಮಗೆ ತಿಳಿದೇ ಇದೆ.

ಆಧುನಿಕ ಕಾಲದ ನ್ಯಾಯಾಲಯಗಳೂ ಈ ಪ್ರಶ್ನೆಯ ಮುಂದೆ ನಿಂತಿವೆ. ಅಮೆರಿಕದಲ್ಲಿ ಚರ್ಚುಗಳ ಆಸ್ತಿ ತೆರಿಗೆ ವಿನಾಯಿತಿಯನ್ನು ಪ್ರಶ್ನಿಸಿದ ವಾಲ್ಝ್ ಪ್ರಕರಣದಲ್ಲಿ 1970ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಸರಕಾರವು ತನ್ನ ಆದಾಯವನ್ನು ಚರ್ಚಿಗೆ ವರ್ಗಾಯಿಸುತ್ತಿಲ್ಲ, ರಾಜ್ಯದ ವೆಚ್ಚಕ್ಕೆ ಪಾಲು ಕೊಡಬೇಕೆಂದು ಒತ್ತಾಯಿಸುತ್ತಿಲ್ಲ ಅಷ್ಟೇ, ಎಂಬುದು ಅದರ ತರ್ಕವಾಗಿತ್ತು. 1983ರಲ್ಲಿ ಅದೇ ನ್ಯಾಯಾಲಯವು ಬೇರೊಂದು ಪ್ರಕರಣದಲ್ಲಿ, ತೆರಿಗೆ ವಿನಾಯಿತಿಯೂ ದೇಣಿಗೆಗೆ ಸಿಗುವ ತೆರಿಗೆ ಕಡಿತವೂ ತೆರಿಗೆ ವ್ಯವಸ್ಥೆಯ ಮೂಲಕ ಕೊಡುವ ಸಬ್ಸಿಡಿಯೇ ಎಂದು ಅಭಿಪ್ರಾಯಪಟ್ಟಿತು. ನಮ್ಮ ದೇಶದಲ್ಲಿಯೂ 2006-07ರ ಕೇಂದ್ರ ಬಜೆಟ್‌ನಿಂದ ಮೊದಲ್ಗೊಂಡು, ರಿಯಾಯಿತಿಗಳಿಂದಾಗಿ ಬೊಕ್ಕಸಕ್ಕೆ ಬಾರದೆ ಹೋದ ತೆರಿಗೆಯ ವಿವರವನ್ನು ಸಂಸತ್ತಿನ ಮುಂದೆ ಇಡಲಾಗುತ್ತಿದೆ. ಬಿಟ್ಟ ತೆರಿಗೆಗೂ ಲೆಕ್ಕ ಬೇಕು ಎಂಬುದನ್ನು ಸರಕಾರವೇ ಒಪ್ಪಿದಂತಾಯಿತು.

ಈ ಹಿನ್ನೆಲೆಯಲ್ಲಿ ಹಜ್ಜ್ ಸಬ್ಸಿಡಿಯ ಕಡೆಗೆ ಬರೋಣ. ನಮ್ಮ ಅಜ್ಜಂದಿರು ಮುಂಬಯಿಯಿಂದ ಜಿದ್ದಾಕ್ಕೆ ಹಡಗಿನಲ್ಲಿ ಹೋಗುತ್ತಿದ್ದರು. 1970ರ ದಶಕದಲ್ಲಿ ವಿಮಾನಯಾನವು ಹಡಗಿನ ಸ್ಥಾನವನ್ನು ಆಕ್ರಮಿಸತೊಡಗಿದಾಗ, ಹೆಚ್ಚಿದ ವೆಚ್ಚದ ಒಂದು ಭಾಗವನ್ನು ಸರಕಾರ ವಹಿಸಿಕೊಂಡಿತು. 1995ರಲ್ಲಿ ಹಡಗು ಯಾತ್ರೆಯೇ ನಿಂತಿತು. ಹಜ್ಜ್ ಕಮಿಟಿಯ ಮೂಲಕ ಹೋಗುವವರು ನಿಗದಿತ ಮೊತ್ತವೊಂದನ್ನು ಟಿಕೆಟ್ಟಿಗಾಗಿ ಕಟ್ಟುತ್ತಿದ್ದರು, ಉಳಿದುದನ್ನು ಸರಕಾರ ವಿಮಾನ ಸಂಸ್ಥೆಗೆ ಭರಿಸುತ್ತಿತ್ತು. ಮಕ್ಕಾ, ಮದೀನಾಗಳ ವಸತಿ, ಊಟ, ಕುರ್ಬಾನಿ ಎಲ್ಲವೂ ಯಾತ್ರಿಕನ ಸ್ವಂತ ಹಣದಿಂದಲೇ ನಡೆಯಬೇಕಿತ್ತು. ಸಬ್ಸಿಡಿಯ ಒಂದು ರೂಪಾಯಿಯೂ ಅವನ ಕೈ ಮುಟ್ಟುತ್ತಿರಲಿಲ್ಲ.

ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕವನ್ನು ಗಮನಿಸಿರಿ. 1994ರಲ್ಲಿ 21,035 ಯಾತ್ರಿಕರಿಗೆ ಸಬ್ಸಿಡಿ 10.51 ಕೋಟಿ ರೂಪಾಯಿ. 2011ರಲ್ಲಿ 1,25,000 ಯಾತ್ರಿಕರಿಗೆ 685 ಕೋಟಿ. ಭಾಗಿಸಿ ನೋಡಿದರೆ ತಲಾ ಸುಮಾರು 5,000 ರೂಪಾಯಿ ಇದ್ದುದು 54,800ಕ್ಕೆ ಏರಿತು, ಹದಿನೇಳು ವರ್ಷಗಳಲ್ಲಿ ಹನ್ನೊಂದು ಪಟ್ಟು. ಯಾತ್ರಿಕನ ಪ್ರಯಾಣವೇನೂ ಹನ್ನೊಂದು ಪಟ್ಟು ಸುಖಕರವಾಗಿರಲಿಲ್ಲ. ಅವನಿಗೆ ವಿಮಾನವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ, ದರವನ್ನು ಚೌಕಾಸಿ ಮಾಡುವ ಅವಕಾಶವೂ ಇರಲಿಲ್ಲ. ಆದುದರಿಂದಲೇ ಈ ಹಣವು ಯಾತ್ರಿಕನ ಹೆಸರಿನಲ್ಲಿ ವಿಮಾನ ಸಂಸ್ಥೆಯನ್ನು ಸಾಕುತ್ತಿದೆ ಎಂದು ಸಯ್ಯದ್ ಶಹಾಬುದ್ದೀನ್‌ರಂತಹ ನಮ್ಮದೇ ನಾಯಕರು ಇದನ್ನು ವಿರೋಧಿಸುತ್ತಾ ಬಂದರು. ಅಸದುದ್ದೀನ್ ಉವೈಸಿಯವರು ಇದನ್ನು ನಿಲ್ಲಿಸಿ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಬಳಸಬೇಕೆಂದು ಒತ್ತಾಯಿಸಿದರು. ಹಾಗೆಂದು ಅದು ಸಬ್ಸಿಡಿಯೇ ಅಲ್ಲ ಎನ್ನಲಾಗದು. ಅದು ಸಾರ್ವಜನಿಕ ಹಣವೇ ಆಗಿತ್ತು. ಅದರ ಹೆಸರು ನಮ್ಮದಾಗಿತ್ತು, ಲಾಭದ ದೊಡ್ಡ ಪಾಲು ಬೇರೆಯವರದಾಗಿತ್ತು.

ಈ ಸಬ್ಸಿಡಿಯ ವಿರುದ್ಧ ರಾಜ್ಯಸಭೆಯ ಮಾಜಿ ಸದಸ್ಯ ಪ್ರಫುಲ್ ಗೊರಾಡಿಯಾ ಸುಪ್ರೀಂ ಕೋರ್ಟಿನ ಮೊರೆ ಹೊಕ್ಕರು. ತಾನು ಕಟ್ಟುವ ತೆರಿಗೆಯ ಅಂಶವು ಹಜ್ಜ್‌ಗೆ ಹೋಗುವುದು ಸಂವಿಧಾನದ 27ನೇ ವಿಧಿಗೆ ವಿರುದ್ಧವೆಂಬುದು ಅವರ ವಾದ. 2011ರ ಜನವರಿಯಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರ ಪೀಠವು ಅದನ್ನು ತಿರಸ್ಕರಿಸಿತು. ತೆರಿಗೆಯ ಗಣನೀಯ ಭಾಗವನ್ನು ಒಂದು ಧರ್ಮಕ್ಕಾಗಿ ವ್ಯಯಿಸಿದರೆ ಮಾತ್ರ 27ನೇ ವಿಧಿಯ ಉಲ್ಲಂಘನೆಯಾಗುತ್ತದೆ, ಸಣ್ಣ ಭಾಗದಿಂದ ಆಗುವುದಿಲ್ಲ ಎಂದಿತು. ಸಂವಿಧಾನದ 290-ಎ ವಿಧಿಯೂ ಕೇರಳದ ಸಂಚಿತ ನಿಧಿಯಿಂದ ತಿರುವಾಂಕೂರು ದೇವಸ್ವಂ ನಿಧಿಗೆ ವರ್ಷಕ್ಕೆ 46.5 ಲಕ್ಷ ರೂಪಾಯಿ ಕೊಡಬೇಕೆಂದು ವಿಧಿಸಿದೆ. ಧರ್ಮ ಮತ್ತು ಬೊಕ್ಕಸದ ನಡುವೆ ನಮ್ಮ ದೇಶವು ಎಂದೂ ಗೋಡೆ ಕಟ್ಟಿಲ್ಲ.

ಮರುವರ್ಷ, 2012ರ ಮೇ 8ರಂದು, ನ್ಯಾಯಮೂರ್ತಿಗಳಾದ ಆಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರು ಸಬ್ಸಿಡಿಯನ್ನು ಹತ್ತು ವರ್ಷಗಳೊಳಗೆ ಹಂತಹಂತವಾಗಿ ಕೊನೆಗೊಳಿಸಬೇಕೆಂದು ಆದೇಶಿಸಿದರು. ಆ ತೀರ್ಪು ಪವಿತ್ರ ಕುರ್‌ಆನಿನ ಆಲಿ ಇಮ್ರಾನ್ ಅಧ್ಯಾಯದ 97ನೇ ವಚನವನ್ನು ಉಲ್ಲೇಖಿಸಿತು ಎಂಬುದು ನಾವು ಮರೆಯಬಾರದ ಸಂಗತಿ. ಸಾಮರ್ಥ್ಯವುಳ್ಳವರ ಮೇಲೆ ಮಾತ್ರ ಹಜ್ಜ್ ಕಡ್ಡಾಯವೆಂದು ಆ ವಚನ ಹೇಳುತ್ತದೆ. ನಮ್ಮ ಮಸೀದಿಗಳ ಮಿಂಬರಿನಿಂದ ಕೇಳಿಬರಬೇಕಾಗಿದ್ದ ಮಾತು ನ್ಯಾಯಾಲಯದಿಂದ ಕೇಳಿಬಂತು. ಕೊನೆಗೆ 2018ರ ಜನವರಿ 16ರಂದು ಕೇಂದ್ರ ಸರಕಾರವು ಸಬ್ಸಿಡಿ ನಿಂತಿತೆಂದು ಘೋಷಿಸಿತು. ಆ ವರ್ಷ ಭಾರತದಿಂದ ಹೋದ ಯಾತ್ರಿಕರ ಸಂಖ್ಯೆ ಕಡಿಮೆಯಾಗಲಿಲ್ಲ, 1,75,025 ಮಂದಿಗೆ ಅವಕಾಶ ದೊರೆಯಿತು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿಯು, ಸರಕಾರದ ದ್ವಿಪಕ್ಷೀಯ ಒಪ್ಪಂದಗಳಡಿ ತೀರ್ಥಯಾತ್ರಿಕರನ್ನು ಒಯ್ಯುವ ವಿಶೇಷ ವಿಮಾನಗಳ ಮೇಲಿನ ತೆರಿಗೆಯನ್ನು ಶೇ. 18ರಿಂದ ಶೇ. 5ಕ್ಕೆ ಇಳಿಸಿತು. ಹಜ್ಜ್ ಕಮಿಟಿಯು ಯಾತ್ರಿಕರಿಗೆ ಒದಗಿಸುವ ಸೇವೆಗೆ ಜಿಎಸ್‌ಟಿ ವಿನಾಯಿತಿಯಿದೆ. ಕೈಲಾಸ ಮಾನಸ ಸರೋವರ ಯಾತ್ರೆಯನ್ನು ನಡೆಸುವ ಕುಮಾವೂ ಮಂಡಲ ವಿಕಾಸ ನಿಗಮಕ್ಕೂ ಅದೇ ನಿಯಮದ ಅಡಿಯಲ್ಲಿಯೇ ವಿನಾಯಿತಿಯಿದೆ. ಖಾಸಗಿ ಹಜ್ಜ್ ಪ್ರವಾಸ ಸಂಸ್ಥೆಗಳು ತಮಗೂ ಇದು ಬೇಕೆಂದು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟು 2022ರಲ್ಲಿ ವಜಾಗೊಳಿಸಿತು. ಜನವರಿಯಲ್ಲಿ ನಿಂತ ನಗದು ನೆರವಿನ ಬಗ್ಗೆ ದೇಶವೆಲ್ಲ ಮಾತನಾಡಿತು, ಡಿಸೆಂಬರಿನಲ್ಲಿ ಬಂದ ತೆರಿಗೆ ರಿಯಾಯಿತಿಯನ್ನು ಬಹುಪಾಲು ಜನ ಗಮನಿಸಲೇ ಇಲ್ಲ.

ಆದುದರಿಂದ ನಮ್ಮ ನಿಲುವು ಇಷ್ಟು: ಬೊಕ್ಕಸದ ಲೆಕ್ಕದಲ್ಲಿ ಕೊಟ್ಟ ಹಣವೂ ಕೇಳದೆ ಬಿಟ್ಟ ತೆರಿಗೆಯೂ ಒಂದೇ. ವ್ಯತ್ಯಾಸವಿರುವುದು ಬೇರೆ ಕಡೆ. ನಗದು ನೆರವು ಕಣ್ಣಿಗೆ ಬೀಳುತ್ತದೆ, ವರ್ಷವರ್ಷವೂ ಕೇಳಬೇಕಾಗುತ್ತದೆ, ನೆರವು ಪಡೆದವನನ್ನು ಹಂಗಿಗೆ ಒಳಪಡಿಸುತ್ತದೆ. ವಿನಾಯಿತಿಯು ಸದ್ದಿಲ್ಲದೆ ಬರುತ್ತದೆ, ಸಂಸ್ಥೆಯ ಸ್ವಾತಂತ್ರ್ಯವನ್ನು ಹೆಚ್ಚು ಉಳಿಸುತ್ತದೆ. ಅಷ್ಟೇ ಅಲ್ಲ, ಅದು ಉಳ್ಳವರ ಕಡೆಗೆ ವಾಲುತ್ತದೆ. 80ಜಿ ನಿಯಮದಂತೆ ಶೇ. 50ರ ಕಡಿತವಿರುವ ಶಾಲೆಯೊಂದಕ್ಕೆ 10,000 ರೂಪಾಯಿ ಕೊಟ್ಟವನ ತೆರಿಗೆ ದರ ಶೇ. 30 ಆಗಿದ್ದರೆ ಅವನಿಗೆ 1,500 ರೂಪಾಯಿ ಉಳಿಯುತ್ತದೆ. ಜುಮಾ ದಿನ ಡಬ್ಬಿಗೆ ಹತ್ತು ರೂಪಾಯಿ ಹಾಕುವ ಕೂಲಿಕಾರ್ಮಿಕನಿಗೆ ಏನೂ ಉಳಿಯುವುದಿಲ್ಲ. ಆದರೆ ಬೆಂಕಿಪೊಟ್ಟಣ ಕೊಂಡಾಗಲೂ ಅವನು ತೆರಿಗೆ ಕಟ್ಟುತ್ತಾನೆ. ಯಾರ ತೆರಿಗೆಯನ್ನು ಬಿಟ್ಟರೂ ಆ ಕೊರತೆಯನ್ನು ತುಂಬುವವರಲ್ಲಿ ಅವನೂ ಒಬ್ಬ.

ಇದರಿಂದ ನಮ್ಮ ಮೇಲೆ ಎರಡು ಹೊಣೆಗಳು ಬರುತ್ತವೆ. ಒಂದು, ಪ್ರಾಮಾಣಿಕತೆಯ ಹೊಣೆ. ನೆರವು ಪಡೆದಿಲ್ಲವೆಂದು ಯಾವ ಸಮುದಾಯವೂ ಹೇಳಿಕೊಳ್ಳುವಂತಿಲ್ಲ, ನಾವೂ ಹೇಳಬಾರದು. 2022ರಲ್ಲಿ ಕರ್ನಾಟಕ ಸರಕಾರವು ಕಾಶಿ ಯಾತ್ರಿಕರಿಗೆ ತಲಾ 5,000 ರೂಪಾಯಿ ಸಹಾಯಧನ ಘೋಷಿಸಿದಾಗ ಅದನ್ನು ಮತ್ಸರದಿಂದ ನೋಡುವುದೂ ನಮಗೆ ಶೋಭಿಸದು. ಇನ್ನೊಂದು, ಲೆಕ್ಕದ ಹೊಣೆ. ನಮ್ಮ ಮಸೀದಿ, ಮದ್ರಸ, ಟ್ರಸ್ಟುಗಳ ಆದಾಯದ ಮೇಲೆ ತೆರಿಗೆ ಬೀಳದಿದ್ದರೆ ಅಷ್ಟು ಹಣವನ್ನು ಇಡೀ ನಾಡು ನಮ್ಮ ಕೈಯಲ್ಲಿ ಅಮಾನತ್ತಾಗಿ ಇಟ್ಟಿದೆ ಎಂದೇ ಅರ್ಥ. ವರ್ಷಕ್ಕೊಮ್ಮೆ ಜುಮಾದ ನಂತರ ಜಮಾಅತ್‌ನ ಮುಂದೆ ಲೆಕ್ಕ ಓದುವುದು, ಆಡಿಟ್ ವರದಿಯನ್ನು ಯಾರು ಕೇಳಿದರೂ ತೋರಿಸುವುದು ನಮಗೆ ಭಾರವಾಗಬಾರದು.

ಮುಂದಿನ ಸಲ ಹಜ್ಜ್‌ಗೆ ಹೊರಡುವ ಹಿರಿಯರ ಮುಂದೆ ಆ ಹಳೆಯ ಮಾತು ಕೇಳಿಬಂದರೆ ಕೋಪಗೊಳ್ಳುವುದು ಬೇಡ. ಒಂದು ಕಾಲದಲ್ಲಿ ಟಿಕೆಟ್ಟಿನ ಒಂದು ಭಾಗವನ್ನು ಸರಕಾರ ಭರಿಸಿತ್ತು, ಈಗ ಭರಿಸುತ್ತಿಲ್ಲ, ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿಯಿದೆ, ಅದು ಇತರ ಯಾತ್ರೆಗಳಿಗೂ ಇದೆ ಎಂದು ಶಾಂತವಾಗಿ ಹೇಳೋಣ. ನಿಜವಾದ ಲೆಕ್ಕ ತಿಳಿದವನಿಗೆ ತಲೆತಗ್ಗಿಸುವ ಅಗತ್ಯವೂ ಇಲ್ಲ, ದನಿ ಏರಿಸುವ ಅಗತ್ಯವೂ ಇಲ್ಲ. ಪಡೆದುದನ್ನು ಒಪ್ಪಿಕೊಳ್ಳುವ ಕೃತಜ್ಞತೆಯನ್ನೂ ವಹಿಸಿಕೊಂಡ ಅಮಾನತ್ತನ್ನು ಕಾಪಾಡುವ ನಿಷ್ಠೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.